ಇಳಿತದ ನೀರು, ಏಳು ಲೀಟರು

ಎರ್ನಾಕುಳಂ ಜೆಟ್ಟಿಯಿಂದ ಹೊರಡುವ ಬೋಟಿನಲ್ಲಿ ನೀವು ಕೂತರೆ ಮುಂದೆ ಎತ್ತರದಲ್ಲಿ ಚಕ್ರ ಹಿಡಿದು ನಿಂತವನು ಕಾಣುತ್ತಾನೆ. ಅವನಿಗೆ ಇಲ್ಲಿ ಸ್ರಾಂಕ್ ಎನ್ನುತ್ತಾರೆ. ಬೋಟು ನಡೆಸುವವನು ಅವನೊಬ್ಬನೇ ಎಂದು ಹೊಸಬರು ತಿಳಿಯುತ್ತಾರೆ. ಹಾಗಲ್ಲ. ಬೋಟಿನ ನಡುಮಧ್ಯೆ ಹಲಗೆಯ ಗುಂಡಿಯೊಂದಿದೆ. ಅದರೊಳಗೆ ಇಂಜಿನಿನ ಪಕ್ಕದಲ್ಲಿ ಇನ್ನೊಬ್ಬ ಕೂತಿರುತ್ತಾನೆ. ಅವನು ಡ್ರೈವರ್. ಅವನಿಗೆ ನೀರೂ ಕಾಣುವುದಿಲ್ಲ, ದಡವೂ ಕಾಣುವುದಿಲ್ಲ. ಸ್ರಾಂಕ್ ಮೇಲಿನಿಂದ ಹಗ್ಗ ಎಳೆದು ಗಂಟೆ ಹೊಡೆಯುತ್ತಾನೆ. ಗಂಟೆ ಹೇಳಿದ ಹಾಗೆ ಡ್ರೈವರ್ ಇಂಜಿನ್ ಏರಿಸಬೇಕು, ಇಳಿಸಬೇಕು, ನಿಲ್ಲಿಸಬೇಕು. ಯಾಕೆ ಎಂದು ಕೇಳುವ ಹಾಗಿಲ್ಲ, ಕೇಳಿದರೂ ಆ ಸದ್ದಿನಲ್ಲಿ ಯಾರಿಗೂ ಕೇಳಿಸುವುದಿಲ್ಲ.

ನನ್ನ ತಮ್ಮ ನಾರಾಯಣ ಹತ್ತೊಂಬತ್ತು ವರ್ಷ ಅಂಥ ಗುಂಡಿಯಲ್ಲಿ ಕೂತವನು. ನಮ್ಮದು ಮಂಜೇಶ್ವರ. ಮೊದಲು ಮಂಗಳೂರಿನ ಬಂದರು ದಕ್ಕೆಯಲ್ಲಿ ಮೀನಿನ ಬೋಟಿನ ಇಂಜಿನ್ ನೋಡಿಕೊಳ್ಳುತ್ತಿದ್ದ. ಅಲ್ಲಿ ಡೀಸೆಲನ್ನು ಕ್ಯಾನಿನಲ್ಲಿ ತುಂಬಿಸಿ ಹೊರಗೆ ಮಾರುವುದು ಎಲ್ಲರೂ ಕಣ್ಣೆದುರೇ ಮಾಡುತ್ತಿದ್ದ ಕೆಲಸ. ಇವನು ಮುಟ್ಟುತ್ತಿರಲಿಲ್ಲ. ಜೊತೆಯವರು ಇವನನ್ನು ‘ಭಟ್ರು’ ಎಂದು ಕರೆದು ನಗುತ್ತಿದ್ದರು. “ಭಟ್ರೇ, ಮಡಿಯಲ್ಲಿ ಇದ್ದೀರಾ, ಕ್ಯಾನ್ ತಾಗಿಸಬಹುದಾ?” ಎಂದು ಕೇಳುತ್ತಿದ್ದರಂತೆ. ಅವನು ಕೊಚ್ಚಿಗೆ ಬಂದು ಪರೀಕ್ಷೆ ಬರೆದು ಡ್ರೈವರ್ ಲೈಸೆನ್ಸ್ ತೆಗೆದ. ಮದುವೆ ಆಗಲಿಲ್ಲ. ನಾನು ಗಂಡ ತೀರಿಕೊಂಡ ಮೇಲೆ ಅವನ ಬಳಿಗೇ ಬಂದೆ. ಕೊಚ್ಚಿಯ ಪಕ್ಕದ ಕಾಕ್ಕನಾಡಿನಲ್ಲಿ ಕಂಪ್ಯೂಟರ್ ಕಂಪನಿಗಳು ಬಂದ ಕಾಲ ಅದು. ಕಲೆಕ್ಟರೇಟಿನ ಹಿಂದಿನ ಓಣಿಯಲ್ಲಿ ಒಂದು ಮನೆ ಹಿಡಿದು, ನಮ್ಮ ಭಾಷೆಯ ಏಳೆಂಟು ಜನ ಹುಡುಗ ಹುಡುಗಿಯರಿಗೆ ರಾತ್ರಿಯ ಊಟ ಹಾಕತೊಡಗಿದೆ. ನಾರಾಯಣ ಕೆಲಸ ಮುಗಿಸಿ ಬಂದು ಅವರ ಜೊತೆಗೇ ಉಣ್ಣುತ್ತಿದ್ದ. ಅವರಿಗೆಲ್ಲ ನಾನು ಅಜ್ಜಿ, ಅವನು ಅಂಕಲ್.

ಅವರಲ್ಲಿ ನಿತೀಶ್ ಎಂಬವನು ಮೈಸೂರಿನ ಕಡೆಯವನು. ಚುರುಕು, ಬಾಯಿ ಜಾಸ್ತಿ. ಒಂದು ದಿನ ನಾರಾಯಣನನ್ನು ಕೇಳಿದ.

“ಅಂಕಲ್, ನಿಮ್ಮ ಬೋಟಿಗೆ ಮೈಲೇಜ್ ಎಷ್ಟು ಬರುತ್ತೆ?”

“ಮೈಲೇಜ್ ಕಾರಿಗೆ ಮಾರಾಯ. ಬೋಟಿಗೆ ಗಂಟೆಗೆ ಎಷ್ಟು ಕುಡಿತದೆ ಅಂತ ಕೇಳು.”

“ಸರಿ, ಎಷ್ಟು ಕುಡಿಯುತ್ತೆ?”

“ಗಂಟೆಗೆ ಹನ್ನೊಂದು ಕಿಲೋಮೀಟರ್ ಹೋದ್ರೆ ಏಳು ಲೀಟರ್. ಹದಿನೈದು ಹೋಗ್ಬೇಕಂದ್ರೆ ಹದಿನೇಳು.”

“ನಾಲ್ಕು ಕಿಲೋಮೀಟರಿಗೆ ಹತ್ತು ಲೀಟರಾ? ಸುಮ್ನಿರಿ ಅಂಕಲ್!”

ನಾರಾಯಣ ಕೈ ತೊಳೆಯುವ ಬಕೇಟಿನಲ್ಲಿ ಬಟ್ಟಲು ತೇಲಿಬಿಟ್ಟು ಬೆರಳಿನಿಂದ ದೂಡಿ ತೋರಿಸಿದ. “ನಿಧಾನ ದೂಡಿದ್ರೆ ನೀರು ದಾರಿ ಬಿಡ್ತದೆ. ಜೋರು ದೂಡು, ಎಂತ ಆಗ್ತದೆ ನೋಡು. ನೀರು ಗುಡ್ಡೆಯಾಗಿ ಎದುರು ನಿಲ್ತದೆ. ಹಿಂದೆ ಹೊಂಡ ಬೀಳ್ತದೆ. ಆಮೇಲೆ ನೀನು ಎಷ್ಟು ಡೀಸೆಲ್ ಹಾಕು, ಬೋಟು ಆ ಗುಡ್ಡೆ ಹತ್ತುದೇ ಕೆಲಸ. ಮುಂದೆ ಹೋಗುದು ಕಮ್ಮಿ, ಹೊಗೆ ಜಾಸ್ತಿ.”

“ನೀವು ಗುಂಡಿಯಲ್ಲಿ ಕೂತಿರ್ತೀರಿ, ಗುಡ್ಡೆ ಕಾಣಲ್ಲವಲ್ಲ?”

“ಕಾಲಿಗೆ ಗೊತ್ತಾಗ್ತದೆ. ಹಿಂದಿನ ಭಾಗ ಕುಸಿದ ಹಾಗೆ ಆಗ್ತದೆ.”

ನನಗೆ ಶಾಲೆ ನಾಲ್ಕನೆಯ ಕ್ಲಾಸು. ಆದರೂ ಬಟ್ಟಲು ಮತ್ತು ಬಕೇಟಿನ ಈ ಸಂಗತಿ ನನಗೆ ಆ ದಿನವೇ ಹೊಳೆಯಿತು. ಮುಂದೆ ದೊಡ್ಡ ದೊಡ್ಡ ಓದು ಓದಿದವರು ಇದು ತಲೆಗೆ ಹೋಗದವರ ಹಾಗೆ ಕೂತದ್ದನ್ನು ನೋಡಿದೆ. ನಿಜಕ್ಕೂ ತಲೆಗೆ ಹೋಗದೆ ಅಲ್ಲ.

೨೦೦೫ರಲ್ಲಿ ನಾರಾಯಣ ಕೆಲಸ ಮಾಡುತ್ತಿದ್ದ ಬೋಟ್ ಕಂಪನಿಗೆ ಕೃಷ್ಣಾನಂದ ಎಂಬ ಹೊಸ ಮ್ಯಾನೇಜರ್ ಬಂದ. ಎರ್ನಾಕುಳಂನಿಂದ ಏಲೂರಿಗೆ ಕಾರ್ಖಾನೆಗಳ ಕೆಲಸದವರನ್ನು ಕರೆದೊಯ್ಯುವ ಬೋಟು ನಡೆಸಲು ತಿರುವನಂತಪುರದ ಒಂದು ಕಚೇರಿ ಗುತ್ತಿಗೆ ಕೊಡುವುದರಲ್ಲಿತ್ತು. ಹದಿನೈದು ಕಿಲೋಮೀಟರ್ ನೀರುದಾರಿ. ಗಂಟೆಯೊಳಗೆ ತಲುಪಬೇಕು, ಡೀಸೆಲ್ ಕಡಿಮೆ ಕುಡಿಯಬೇಕು. ಯಾರ ಬೋಟು ಹಾಗೆ ಓಡಿ ತೋರಿಸುತ್ತದೋ ಅವರಿಗೆ ಗುತ್ತಿಗೆ. ವೇಗ ಅಳೆದು ವರದಿ ಮಾಡಿಕೊಡಲು ಕೃಷ್ಣಾನಂದನಿಗೆ ಒಬ್ಬ ಇಂಜಿನಿಯರ್ ಬೇಕಿದ್ದ. ನಾರಾಯಣನೇ ನಿತೀಶನ ಹೆಸರು ಹೇಳಿದ. ರಜಾ ದಿನ ಕೆಲಸ, ಕೈಗೆ ಒಂದಿಷ್ಟು ದುಡ್ಡು. ನಿತೀಶ್ ಖುಷಿಯಿಂದ ಒಪ್ಪಿದ.

ಪರೀಕ್ಷೆಯ ಓಟಕ್ಕೆ ಮೂರು ದಿನ ಇರುವಾಗ ಕೃಷ್ಣಾನಂದ ಗುಂಡಿಯ ಬಳಿ ಬಂದು ಕುಕ್ಕರಗಾಲಿನಲ್ಲಿ ಕೂತು, ಏಟ್ಟ ಅಂದರೆ ಅಣ್ಣ ಎಂದು ಕರೆದು, ವಿಚಾರಿಸಿದನಂತೆ: “ನಾರಾಯಣೇಟ್ಟಾ, ಭಾನುವಾರ ಇಳಿತ ಎಷ್ಟು ಹೊತ್ತಿಗೆ ಶುರು?” ಅಷ್ಟು ವರ್ಷಗಳಲ್ಲಿ ಒಬ್ಬ ಮ್ಯಾನೇಜರ್ ನೀರಿನ ಬಗ್ಗೆ ಇವನನ್ನು ಕೇಳಿದ್ದು ಅದೇ ಮೊದಲು. ಇವನಿಗೆ ಹೆಮ್ಮೆ. ನೀರು ಸಮುದ್ರದ ಕಡೆ ಇಳಿಯುವುದು ಬೆಳಿಗ್ಗೆ ಎಂಟಕ್ಕೆ ಶುರು, ಹತ್ತಕ್ಕೆ ಭಾರಿ ಸೆಳೆತ, ಮೇಲಿನಿಂದ ಹೊಳೆಯ ನೀರೂ ಸೇರ್ತದೆ, ಜಾಗ್ರತೆ ಬೇಕು ಎಂದು ಬೆರಳು ಮಡಚಿ ಎಲ್ಲವನ್ನೂ ಹೇಳಿದ.

ಆಟಿ ತಿಂಗಳ, ಮಳೆ ಜೋರಿದ್ದ ಆ ಭಾನುವಾರ ಬೋಟು ಮೊದಲು ನಿತೀಶನನ್ನು ಹತ್ತಿಸಿಕೊಂಡು, ಬೇರೆ ಜನರಿಲ್ಲದೆ ಏಲೂರಿಗೆ ಹೋಯಿತು. ಸೆಳೆತಕ್ಕೆ ಎದುರಾಗಿ ಹೋಗುವುದು. ಹತ್ತು ಗಂಟೆಯೊಳಗೆ ಅಲ್ಲಿರಬೇಕೆಂದು ಕೃಷ್ಣಾನಂದ ಸ್ರಾಂಕ್ ಜೋಸೆಫನ ಹಿಂದೆಯೇ ನಿಂತು ಪೂರ್ತಿ ವೇಗದ ಗಂಟೆ ಹೊಡೆಸಿದ. ಏಲೂರಿನ ಕಡವಿನಲ್ಲಿ ಬೋಟು ಕಟ್ಟಿದ ಮೇಲೆ ನಾರಾಯಣ ಟ್ಯಾಂಕಿಗೆ ಅಳತೆ ಕೋಲು ಇಳಿಸಿ ನೋಡಿದರೆ ಇಪ್ಪತ್ಮೂರು ಲೀಟರ್ ಹೋಗಿದೆ. ಆಮೇಲೆ ತಿರುವನಂತಪುರದ ಕಚೇರಿಯಿಂದ ಬಂದಿದ್ದ ಆಫೀಸರನ್ನು ಹತ್ತಿಸಿಕೊಂಡರು. ಟ್ಯಾಂಕನ್ನು ಅವರೆದುರೇ ತುಂಬಿಸಿ ಮೊಹರು ಹಾಕಿದರು. ಕೆಳಗೆ ಬರುವಾಗ ಗಂಟೆ ನಿಧಾನದ್ದು. ಇಂಜಿನ್ ಹನ್ನೊಂದರ ಓಟದಲ್ಲಿ ಗೊಣಗುತ್ತಿತ್ತು, ಉಳಿದದ್ದನ್ನು ನೀರೇ ತಳ್ಳಿಕೊಂಡು ಬಂತು. ಸರಿಯಾಗಿ ಒಂದು ಗಂಟೆ. ಸರಿಯಾಗಿ ಏಳು ಲೀಟರ್. ಆಫೀಸರು ದಾರಿಯುದ್ದಕ್ಕೂ ಕರಿದ ಕರಿಮೀನು ತಿಂದು, ಮುಳ್ಳನ್ನು ನೀರಿಗೆ ಉಗಿದು, ವಲ್ಲಾರ್ಪಾಡಂ ದ್ವೀಪ ಬರುವಾಗ ನಿದ್ದೆ ಹೋಗಿದ್ದರು. ಇದು ಜೋಸೆಫ್ ಆಮೇಲೆ ಹೇಳಿ ನಗಾಡಿದ್ದು. ನನಗೂ ಆಗ ನಗು ಬಂದಿತ್ತು, ಈಗ ಬರುವುದಿಲ್ಲ.

ಬೋಟಿನ ಓಟದ ಪುಸ್ತಕದಲ್ಲಿ ನಾರಾಯಣ ಸಹಿ ಹಾಕಬೇಕಿತ್ತು. ಹೊರಟ ಹೊತ್ತು, ತಲುಪಿದ ಹೊತ್ತು, ಲೀಟರ್. ಮೂರೂ ನಿಜ. ನೀರು ಯಾವ ಕಡೆಗೆ ಹರಿಯುತ್ತಿತ್ತು ಎಂದು ಬರೆಯಲು ಪುಸ್ತಕದಲ್ಲಿ ಜಾಗ ಇರಲಿಲ್ಲ.

“ಸರ್, ನೀರಿಗೆ ಎದುರು ಹತ್ತುವ ಓಟ ಒಂದು ಬಾಕಿ ಉಂಟಲ್ಲ?” ಎಂದು ನಾರಾಯಣ ಕೇಳಿದನಂತೆ.

“ಅದು ಬೇಡ ನಾರಾಯಣೇಟ್ಟಾ. ಫಾರಂನಲ್ಲಿ ಒಂದೇ ಓಟ ಇರೋದು,” ಎಂದ ಕೃಷ್ಣಾನಂದ.

ಆ ತಿಂಗಳು ನಾರಾಯಣನ ಲೈಸೆನ್ಸ್ ನವೀಕರಣಕ್ಕೆ ಕಂಪನಿಯ ಕಾಗದ ಬೇಕಿತ್ತು. ಅವನು ಸಹಿ ಹಾಕಿದ.

ರಾತ್ರಿ ಊಟಕ್ಕೆ ಬಂದ ನಿತೀಶ್ ಕೈಯಲ್ಲಿ ಮೊಬೈಲಿನಷ್ಟು ದೊಡ್ಡ ಯಂತ್ರ ಹಿಡಿದುಕೊಂಡಿದ್ದ. ಅದು ಆಕಾಶದ ಉಪಗ್ರಹ ನೋಡಿ ವೇಗ ಹೇಳುತ್ತದಂತೆ. “ಅಜ್ಜಿ, ಮಜಾ ಗೊತ್ತಾ? ಹೋಗುವಾಗ ಇದು ಬ್ಯಾಗಲ್ಲಿ ಆನ್ ಇತ್ತು. ಅಂಕಲ್ ಹೇಳಿದ ಇಪ್ಪತ್ಮೂರು ಲೀಟರನ್ನೂ ಬರ್ಕೊಂಡಿದೀನಿ. ಒಂದೇ ದಾರಿ, ಹೋಗೋಕೆ ಇಪ್ಪತ್ಮೂರು, ಬರೋಕೆ ಏಳು!” ಎಂದು ಹೊಟ್ಟೆ ಹಿಡಿದು ನಕ್ಕ.

“ಎರಡನ್ನೂ ಬರೆದು ಕೊಡ್ತಿ ಅಲ್ವಾ?” ನಾರಾಯಣ ಕೇಳಿದ.

“ಅವರು ಕೇಳಿದ್ದು ಒಂದೇ ಅಂಕಲ್. ಕೇಳಿದ್ದಕ್ಕೆ ಉತ್ತರ ಕೊಡೋದು ನಮ್ಮ ಕೆಲಸ.”

ನಾರಾಯಣ ಎಲೆಗೆ ಬಗ್ಗಿ ಅನ್ನ ಕಲಸಿದ. ನಾನು ಮೊಸರು ಬಡಿಸಿದೆ.

ಮರುವರ್ಷ ಫೆಬ್ರವರಿಯಿಂದ ಏಲೂರಿನ ಬೋಟು ಶುರುವಾಯಿತು. ಹೋಗಿಬರುವುದಕ್ಕೆ ಹದಿನೆಂಟು ಲೀಟರ್ ಡೀಸೆಲ್ ಎಂದು ಕೃಷ್ಣಾನಂದ ನಿಗದಿ ಮಾಡಿದ. ಏಳು ಮತ್ತು ಏಳು ಹದಿನಾಲ್ಕು, ಮೇಲೆ ನಾಲ್ಕು ತನ್ನ ಔದಾರ್ಯ. ಹದಿನೆಂಟರಲ್ಲಿ ಎರಡು ಗಂಟೆಯೊಳಗೆ ಹೋಗಿ ಬರಲಾಗದು ಎಂದು ನಾರಾಯಣನಿಗೆ ಮೊದಲ ದಿನವೇ ಗೊತ್ತಿತ್ತು. ಆದರೆ ತಡವಾಗಿಯಾದರೂ ಹದಿನೆಂಟರಲ್ಲಿ ಹೋಗಿ ಬರಲಿಕ್ಕೆ ಆಗುತ್ತದೋ ನೋಡೋಣ ಎಂದು ಅವನಿಗೆ ಛಲ ಬಂತು. ಅದೇ ಅವನು ಮಾಡಿದ ತಪ್ಪು. ಬೇರೆ ಡ್ರೈವರ್ ಆಗಿದ್ದರೆ ಮೂರನೆಯ ದಿನ ನಡುನೀರಿನಲ್ಲಿ ಬೋಟು ನಿಲ್ಲಿಸಿ ಕೈಚೆಲ್ಲುತ್ತಿದ್ದ, ಸುಳ್ಳು ಅಲ್ಲಿಗೇ ಬಯಲಾಗುತ್ತಿತ್ತು.

ಇವನು ಪ್ರತಿ ಭಾನುವಾರ ಬೋಟಿನ ಅಡಿಗೆ ಮುಳುಗಿ ಹಲಗೆಗೆ ಅಂಟಿದ ಚಿಪ್ಪುಗಳನ್ನು ಕತ್ತಿಯಿಂದ ಕೆರೆದ. ಅಡಿ ನುಣ್ಣಗಿದ್ದರೆ ಬೋಟು ಒಂದು ಲೀಟರ್ ಕಡಿಮೆ ಕುಡಿಯುತ್ತದಂತೆ. ಜೆಟ್ಟಿಯ ಆ ನೀರು ಎಂಥದ್ದೆಂದು ಹೇಳಿದರೆ ನಿಮಗೆ ಊಟ ಸೇರಲಿಕ್ಕಿಲ್ಲ. ಊರಿನ ಚರಂಡಿಯೆಲ್ಲ ಅಲ್ಲಿಗೇ. ಎಣ್ಣೆಯ ಬಣ್ಣ, ಕೊಳೆತ ಪಾಚಿ, ಸತ್ತ ನಾಯಿ. ಅದರೊಳಗಿಂದ ಎದ್ದು ಬಂದವನ ಮೈಯಿಂದ ಎರಡು ಸೋಪು ಸವೆದರೂ ವಾಸನೆ ಹೋಗುತ್ತಿರಲಿಲ್ಲ. ಕಿವಿ ಸೋರತೊಡಗಿತು. “ಯಾರಿಗಾಗಿ ಮಾರಾಯ ಇದು?” ಎಂದರೆ, “ಒಂದು ಲೀಟರ್ ಅಕ್ಕ, ಒಂದು ಲೀಟರ್,” ಎನ್ನುತ್ತಿದ್ದ. ಸೆಳೆತ ಇರುವಾಗ ದಡದ ಬದಿ ಹಿಡಿದು ಹೋಗು ಎಂದು ಜೋಸೆಫನಿಗೆ ಕಲಿಸಿದ. ಕಡವು ಬರುವ ಮೊದಲೇ ಇಂಜಿನ್ ಇಳಿಸಿ ಬೋಟನ್ನು ತೇಲಿಸಿಕೊಂಡು ಹೋಗುವ ಹದ ಕಲಿತ. ಬೇಸಿಗೆಯಲ್ಲಿ ಸೆಳೆತವೂ ಕಡಿಮೆ. ಐದು ತಿಂಗಳು ಹದಿನೆಂಟು ಲೀಟರಿನಲ್ಲಿ ನಡೆಸಿದ.

ಗಂಟೆಯ ದಾರಿಗೆ ಒಂದೂಕಾಲು, ಒಂದೂವರೆ ಗಂಟೆ ಹಿಡಿಯುತ್ತಿತ್ತು. ಪುಸ್ತಕದಲ್ಲಿ ಇವನು ಇದ್ದದ್ದನ್ನೇ ಬರೆದ. ತಿರುವನಂತಪುರಕ್ಕೆ ಹೋಗುವ ನಕಲಿನಲ್ಲಿ ಕಂಪನಿಯವರು ಒಂದು ಗಂಟೆ ಎಂದೇ ಬರೆದು ಕಳಿಸಿದರು. ಅದು ಇವನಿಗೆ ಗೊತ್ತಿರಲಿಲ್ಲ.

ಜೂನಿನಲ್ಲಿ ಏಲೂರಿನ ಕೆಲಸದವರು ದಿನಾ ತಡವೆಂದು ದೂರು ಬರೆದರು. ಜುಲೈ ತಿಂಗಳಲ್ಲಿ ಕೃಷ್ಣಾನಂದ ಜೆಟ್ಟಿಗೆ ಬಂದು ಎಲ್ಲರ ಎದುರು ಗುಂಡಿಯೊಳಗೆ ಬಗ್ಗಿ ಬೈದ. “ಇದು ಬೋಟಾ, ನಿಮ್ಮ ಊರಿನ ಎತ್ತಿನ ಗಾಡಿಯಾ?”

“ಎತ್ತಿಗೆ ಹುಲ್ಲು ಸಮ ಹಾಕಿದ್ರೆ ಓಡ್ತದೆ ಸರ್,” ಎಂದ ನಾರಾಯಣ.

ಜನ ನಕ್ಕರು. ಕೃಷ್ಣಾನಂದ ನಗಲಿಲ್ಲ. ನಾಳೆಯಿಂದ ಪೂರ್ತಿ ವೇಗದ ಗಂಟೆ, ಇಲ್ಲವಾದರೆ ಕೆಲಸ ಬಿಡು ಎಂದು ಜೋಸೆಫನಿಗೆ ಹೇಳಿ ಹೋದ.

ಮರುದಿನ ಸಂಜೆ. ಮಳೆ, ಕೆಂಪು ನೀರು, ಇಳಿತ. ರಾತ್ರಿ ಪಾಳಿಗೆ ಏಲೂರಿಗೆ ಹೋಗುವ ನಲ್ವತ್ತೊಂದು ಜನ ಹತ್ತಿದ್ದರು. ಜೋಸೆಫ್ ಬಿಡದೆ ಗಂಟೆ ಹೊಡೆದ, ನಾರಾಯಣ ಇಂಜಿನ್ ಏರಿಸಿದ. ಟ್ಯಾಂಕಿನಲ್ಲಿ ಹದಿನೆಂಟು. ಅಳತೆ ಕೋಲು ಒಣಗುತ್ತಾ ಬಂದಾಗ ನಾರಾಯಣ ಎರಡು ಸಲ ಗುಂಡಿಯಿಂದೆದ್ದು ಮೇಲೆ ಹೋಗಿ, ನಿಧಾನ ಮಾಡು ಎಂದು ಜೋಸೆಫನ ಅಂಗಿ ಹಿಡಿದು ಹೇಳಿದ. ಜೋಸೆಫ್, “ನನಗೆ ಎರಡು ಹೆಣ್ಣುಮಕ್ಕಳು ನಾರಾಯಣಾ, ನಿನಗೆ ಯಾರು?” ಎಂದ. ಏಲೂರಿಗಿಂತ ಈಚೆಗಿನ ವರಾಪ್ಪುಳ ಬರುವ ಮೊದಲೇ ಇಂಜಿನ್ ಕೆಮ್ಮಿ ನಿಂತಿತು. ಬೋಟು ಅಡ್ಡ ತಿರುಗಿ ಸೆಳೆತದಲ್ಲಿ ಹಿಂದಕ್ಕೆ ಹೊರಟಿತು. ಲಂಗರು ಕೆಸರಿನಲ್ಲಿ ಹಿಡಿಯದೆ ಎಳೆದುಕೊಂಡು ಬಂತು. ಸೇತುವೆಯ ಕಂಬ ಹತ್ತಿರವಾಗುವಾಗ ಒಳಗಿದ್ದವರ ಕೂಗು ಏನೆಂದು ಹೇಳಲಿ. ಕಂಬಕ್ಕೆ ಹತ್ತು ಮಾರು ಇರುವಾಗ ಲಂಗರು ಎಲ್ಲೋ ಕಚ್ಚಿತು. ಮರಳು ಸಾಗಿಸುವ ದೋಣಿಯವರು ಬಂದು ಜನರನ್ನು ಇಳಿಸಿಕೊಂಡರು. ಯಾರಿಗೂ ಏನೂ ಆಗಲಿಲ್ಲ.

ಮರುದಿನ ಜೆಟ್ಟಿಯಲ್ಲಿ ಸುದ್ದಿ: ಡ್ರೈವರ್ ಡೀಸೆಲ್ ಮಾರಿಕೊಂಡಿದ್ದಾನೆ. ಕೃಷ್ಣಾನಂದನ ವಾದ ಎಷ್ಟು ಚಂದ ಕೇಳಿ. ಪರೀಕ್ಷೆಯಲ್ಲಿ ಏಳು ಲೀಟರಿನಲ್ಲಿ ಬಂದದ್ದಕ್ಕೆ ನಾರಾಯಣನದೇ ಸಹಿ ಇದೆ. ಐದು ತಿಂಗಳು ಹದಿನೆಂಟರಲ್ಲಿ ನಡೆಸಿದವನೂ ನಾರಾಯಣನೇ. ಹಾಗಾದರೆ ಆ ಸಂಜೆ ಹೋಗುವ ದಾರಿ ಮುಗಿಯುವ ಮೊದಲೇ ಹದಿನೆಂಟು ಲೀಟರ್ ಎಲ್ಲಿ ಹೋಯಿತು? ಚರಂಡಿ ನೀರಿನಲ್ಲಿ ಮುಳುಗಿ ಮುಳುಗಿ ಇವನು ಉಳಿಸಿದ ಒಂದೊಂದು ಲೀಟರೂ ಇವನನ್ನೇ ಕಳ್ಳ ಎಂದು ಹೇಳುತ್ತಿತ್ತು.

ತಿರುವನಂತಪುರದಿಂದ ವಿಚಾರಣೆಗೆ ಕರೆ ಬಂತು. ಅದರ ಹಿಂದಿನ ದಿನ ಕೃಷ್ಣಾನಂದ ನಮ್ಮ ಮನೆಗೇ ಬಂದ, ಹಣ್ಣಿನ ಚೀಲ ಹಿಡಿದುಕೊಂಡು. ನನ್ನನ್ನು ‘ಅಮ್ಮಾ’ ಎಂದ. ಜಗಲಿಯಲ್ಲಿ ಕೂತು ಮೆತ್ತಗೆ ಮಾತಾಡಿದ.

“ನಾರಾಯಣೇಟ್ಟಾ, ಸ್ವಲ್ಪ ಡೀಸೆಲ್ ತೆಗೆದಿದ್ದೆ ಅಂತ ಒಂದು ಸಾಲು ಬರೆದುಕೊಡಿ. ಗುತ್ತಿಗೆ ಉಳಿಯುತ್ತೆ, ಮೂವತ್ತು ಜನರ ಅನ್ನ ಉಳಿಯುತ್ತೆ. ಪೊಲೀಸ್ ಗಿಲೀಸ್ ಏನೂ ಇಲ್ಲ. ಎರಡು ತಿಂಗಳು ಬಿಟ್ಟು ನಿಮ್ಮನ್ನು ಆಲಪ್ಪುಳದ ಬೋಟಿಗೆ ಹಾಕ್ತೇನೆ.”

“ನಾನು ಕದಿಲಿಲ್ಲ ಅಂತ ನಿಮಗೆ ಗೊತ್ತುಂಟಲ್ಲ ಸರ್.”

“ನನಗೆ ಗೊತ್ತಿರೋದಕ್ಕೇ ಮನೆಗೆ ಬಂದದ್ದು. ಕಳ್ಳನ ಮನೆಗೆ ಹಣ್ಣು ತರ್ತಾರಾ?”

ಎಷ್ಟು ಸಹಜವಾಗಿ ಹೇಳಿದನೆಂದರೆ, ಕಳ್ಳನಾಗು ಎಂಬುದು ಯಾವುದೋ ಮದುವೆಗೆ ಕುರ್ಚಿ ಎರವಲು ಕೇಳಿದ ಹಾಗಿತ್ತು. ಅವನ ಬಾಯಿಂದ ಲವಂಗದ ಘಮ ಬರುತ್ತಿತ್ತು. ನಾನು ಚೀಲವನ್ನು ಅವನ ಕಾರಿನ ಬಾಗಿಲ ಬಳಿ ಇಟ್ಟು ಬಂದೆ.

ಅವನು ಹೋದ ಮೇಲೆ ನಾರಾಯಣ ಹೇಳಿದ, “ಕೆಲಸ ಹೋಗ್ಲಿ ಅಕ್ಕ. ಲೈಸೆನ್ಸ್ ಹೋಗ್ಲಿ. ಆ ಶಬ್ದ ಒಂದು ಕಾಗದದಲ್ಲಿ ಬರಬಾರ್ದು.”

ಬೆಳಗಿನ ಜಾವದ ರೈಲು ಹಿಡಿದು ತಿರುವನಂತಪುರಕ್ಕೆ ಹೋದೆವು. ಅಲ್ಲಿನ ಪಟ್ಟಂನಲ್ಲಿ ಬಸ್ಸಿಳಿದು ಕಚೇರಿ ಹುಡುಕಿದೆವು. ಮೂರನೆಯ ಮಹಡಿ. ವಿಚಾರಣೆಯ ಕೋಣೆಯ ಬಾಗಿಲಲ್ಲಿ ಒಬ್ಬಳು ಗುಮಾಸ್ತೆ ನಾರಾಯಣನ ವಿಳಾಸ ಓದಿ ಕನ್ನಡದಲ್ಲೇ ಕೇಳಿದಳು, “ಮಂಜೇಶ್ವರವಾ? ನಾನು ಪಕ್ಕದ ಉಪ್ಪಳದವಳು. ಜುಬೈದಾ. ಅಮ್ಮ, ನೀವು ಒಳಗೇ ಕೂತ್ಕೊಳ್ಳಿ, ಹೊರಗೆ ಬೆಂಚು ಇಲ್ಲ.” ಹಾಗಾಗಿ ಎಲ್ಲವೂ ನನ್ನ ಕಿವಿಗೇ ಬಿತ್ತು.

ಮೇಜಿನ ಹಿಂದೆ ಕೂತದ್ದು ಕರಿಮೀನು ತಿಂದ ಅದೇ ಆಫೀಸರು, ಪಕ್ಕದಲ್ಲಿ ಕೃಷ್ಣಾನಂದ. ಮೊದಲೇ ಬಂದು ನಿಂತಿದ್ದ ಜೋಸೆಫ್ ಆಫೀಸರನ್ನು ನನಗೆ ಕಣ್ಣಿನಲ್ಲೇ ತೋರಿಸಿ ತಲೆ ತಗ್ಗಿಸಿದ. ಮೊದಲು ಕೇಳಿದ್ದು ಜೋಸೆಫನನ್ನು.

“ನಾನು ಮೇಲೆ ಸಾರ್, ಡೀಸೆಲ್ ಕೆಳಗೆ. ಕೆಳಗಿನದು ನನಗೆ ಗೊತ್ತಿಲ್ಲ,” ಎಂದ ಜೋಸೆಫ್. ಹನ್ನೊಂದು ವರ್ಷ ನಾರಾಯಣನ ಬುತ್ತಿಯಿಂದ ಉಂಡವನು. ನನ್ನ ಕಡೆ ನೋಡಲೂ ಇಲ್ಲ.

ಆಮೇಲೆ ನಾರಾಯಣ. ಅವನ ಮಲಯಾಳ ಬೋಟಿನಲ್ಲಿ ಸಾಕಾಗುತ್ತದೆ, ಕಚೇರಿಯಲ್ಲಿ ಸಾಲದು. ಅವನು ಕನ್ನಡದಲ್ಲಿ ಹೇಳಿದ, ಜುಬೈದಾ ಅದನ್ನು ಹಾಗೆಯೇ ತಿರುಗಿಸಿದಳು. ಪರೀಕ್ಷೆಯ ಓಟ ಇಳಿತದಲ್ಲಿ ಆದದ್ದು, ಹತ್ತುವ ಓಟ ಲೆಕ್ಕಕ್ಕೆ ಬಾರದೆ ಹೋದದ್ದು, ಇಪ್ಪತ್ಮೂರು ಲೀಟರ್, ಬೋಟಿನ ಅಡಿ ಕೆರೆದದ್ದು, ಪೂರ್ತಿ ವೇಗದ ಗಂಟೆ ಹೊಡೆಸಿದ್ದು. ಆಫೀಸರು ಪೆನ್ನಿನ ಮುಚ್ಚಳ ತೆರೆಯುತ್ತಾ ಮುಚ್ಚುತ್ತಾ ಇದ್ದರು.

“ಇಷ್ಟೆಲ್ಲ ಗೊತ್ತಿದ್ದವನು ಸಹಿ ಯಾಕೆ ಹಾಕಿದೆ? ಒಂದು ವರ್ಷ ಯಾಕೆ ಸುಮ್ಮನಿದ್ದೆ?”

“ಹೆದರಿ ಸರ್. ಲೈಸೆನ್ಸಿಗೆ ಕಾಗದ ಬೇಕಿತ್ತು. ಇಳಿತದ ಹೊತ್ತು ಹೇಳಿಕೊಟ್ಟದ್ದೂ ನಾನೇ. ಬಾಯಿ ಮುಚ್ಚಿದ್ದು ನನ್ನ ತಪ್ಪು, ಅದಕ್ಕೆ ಎಂತ ಬೇಕಾದ್ರೂ ಬರೀರಿ. ಕದ್ದೆ ಅಂತ ಬರೀಬೇಡಿ.”

“ಇಪ್ಪತ್ಮೂರು ಲೀಟರಿಗೆ ದಾಖಲೆ ಇದೆಯೇ?”

ದಾಖಲೆ ಕಾಕ್ಕನಾಡಿನಲ್ಲಿತ್ತು. ನಾನು ಎದ್ದು ನಿಂತೆ. ವೇಗ ಅಳೆದ ಇಂಜಿನಿಯರನ ಬಳಿ ಇದೆ, ಒಂದು ಫೋನ್ ಮಾಡಿದರೆ ಆಯಿತು ಎಂದೆ. ಆಫೀಸರಿಗೆ ಇಷ್ಟವಿರಲಿಲ್ಲ. ಜುಬೈದಾ ಆಗಲೇ ಹೊರಗೆ ಹೋಗಿ ತನ್ನ ಮೇಜಿನ ಫೋನನ್ನು ನನ್ನ ಕಡೆ ತಿರುಗಿಸಿದ್ದಳು.

“ನಿತೀಶಾ, ನಾನು ಅಜ್ಜಿ. ಪಟ್ಟಂ ಆಫೀಸಿನಿಂದ ಮಾತಾಡುದು. ಆ ದಿನದ ಹತ್ತುವ ಓಟದ ಲೆಕ್ಕ ಇವರಿಗೆ ಹೇಳು ಮಗಾ. ಅಂಕಲಿನ ಮಾನ ಅದರಲ್ಲಿ ಉಂಟು.”

ಆ ಕಡೆ ಅವನ ಹಿಂದೆ ಯಾರೋ ನಗುವ ಸದ್ದು, ಕಾಫಿ ಯಂತ್ರದ ಸದ್ದು.

“ಅಜ್ಜಿ, ಮೀಟಿಂಗಲ್ಲಿದೀನಿ. ಆ ಫೈಲ್ ಇಲ್ಲ ಅನ್ಸುತ್ತೆ.”

“ಅಳಿಸಿದಿಯಾ?”

“ಅಳಿಸಿಲ್ಲ. ಅಂದ್ರೆ… ವರದಿಗೆ ಸಹಿ ಹಾಕಿರೋದು ನಾನು. ಈಗ ಇನ್ನೊಂದು ತೋರಿಸಿದ್ರೆ ನನ್ನ ಕೆಲಸದ ಕಂಪನಿಗೆ ಗೊತ್ತಾಗುತ್ತೆ. ಹೊರಗಿನ ಕೆಲಸ ಮಾಡೋ ಹಾಗಿಲ್ಲ ನಾವು. ಪ್ಲೀಸ್ ಅಜ್ಜಿ, ನನ್ನ ಹೆಸರು ಹೇಳ್ಬೇಡಿ.”

ಫೋನು ಇಟ್ಟೆ. ಕೈಗೆ ಏನೋ ಅಂಟಿದ ಹಾಗಾಗಿ ಸೆರಗಿಗೆ ಒರೆಸಿಕೊಂಡೆ. ಒಳಗೆ ಹೋಗಿ, “ಸಿಗುದಿಲ್ಲವಂತೆ,” ಎಂದೆ. ಅವನ ಹೆಸರು ಹೇಳಲಿಲ್ಲ. ವರದಿಯ ಅಡಿಯಲ್ಲಿ ಅದು ಇದ್ದೇ ಇತ್ತು, ಓದುವ ಮನಸ್ಸಿದ್ದವರಿಗೆ.

ನಾರಾಯಣ ಆಗ ಕಡೆಯ ಮಾತು ಹೇಳಿದ. “ದಾಖಲೆ ಬೇಡ ಸರ್. ನಾಳೆ ಬೋಟು ತೆಗೀಲಿ. ನೀವೇ ಬನ್ನಿ. ಟ್ಯಾಂಕಿಗೆ ನೀವೇ ಮೊಹರು ಹಾಕಿ. ಹತ್ತುದು ಒಮ್ಮೆ, ಇಳಿಯುದು ಒಮ್ಮೆ. ಗುಂಡಿಯಲ್ಲಿ ನಾನು ಕೂರುದಿಲ್ಲ, ನಿಮಗೆ ಬೇಕಾದವರನ್ನು ಕೂರಿಸಿ. ಹದಿನೆಂಟರಲ್ಲಿ ಎರಡು ಗಂಟೆಯೊಳಗೆ ಹೋಗಿ ಬಂದ್ರೆ ಕಳ್ಳ ಅಂತಲೇ ಬರೀರಿ, ನಾನು ಸಹಿ ಹಾಕ್ತೇನೆ.”

ಕೃಷ್ಣಾನಂದ ಕಿಟಕಿಯ ಕಡೆ ನೋಡಿದ. ಆಫೀಸರ ಪೆನ್ನು ನಿಂತಿತು. ಅವರು ನಾರಾಯಣನನ್ನು ನಂಬಲಿಲ್ಲ ಎಂದು ನೀವು ತಿಳಿಯಬೇಡಿ. ಆ ಮುಖವನ್ನು ನಾನು ಚೆನ್ನಾಗಿ ನೋಡಿದೆ. ಅವರಿಗೆ ಇವನ ಒಂದೊಂದು ಮಾತೂ ನಿಜ ಎಂದು ಗೊತ್ತಿತ್ತು. ಗೊತ್ತಿದ್ದರಿಂದಲೇ ಬೆವರಿದ್ದು. ಅವರು ಕೃಷ್ಣಾನಂದನನ್ನು ಹೊರಗೆ ಕರೆದುಕೊಂಡು ಹೋದರು. ಬಾಗಿಲು ಪೂರ್ತಿ ಮುಚ್ಚಿರಲಿಲ್ಲ. ನಲ್ವತ್ತು ವರ್ಷದಿಂದ ಬಾಗಿಲ ಹಿಂದಿನ ಮಾತು ಕೇಳಿ ಬಲ್ಲವಳು ನಾನು, ಮಲಯಾಳವೂ ನನಗೆ ಬೇಕಾದಷ್ಟು ಬರುತ್ತದೆ.

“ಕಳವು ಅಂತ ಬರೆದರೆ ಪೊಲೀಸಿಗೆ ತಿಳಿಸಬೇಕು,” ಆಫೀಸರ ಸ್ವರ. “ಅವರು ಮೊದಲು ಕೇಳೋದೇ ಪರೀಕ್ಷೆಯ ಕಾಗದ. ಅದರಲ್ಲಿ ನನ್ನ ಸಹಿಯೂ ಇದೆ, ತಿಳೀತಾ? ಬೇರೆ ಏನಾದರೂ ಹಾಕಿ ಮುಗಿಸೋಣ.”

“ಹಾಗೇ ಮಾಡಿ ಸರ್. ಆದರೆ ಅವನು ಬೋಟಿಗೆ ವಾಪಸ್ ಬರಬಾರದು,” ಕೃಷ್ಣಾನಂದನ ಸ್ವರ.

ಒಳಗೆ ಬಂದು ಕೂತು ಚಹಾ ತರಿಸಿಕೊಂಡರು. ಇಬ್ಬರೂ ಬಿಸ್ಕತ್ತು ಅದ್ದಿಕೊಂಡು ತಿಂದರು. ಆ ಚಪ್ಪರಿಕೆಯ ಸದ್ದು ಕೇಳುತ್ತಾ ಅಲ್ಲಿ ಕೂರುವುದಕ್ಕಿಂತ ಬೋಟಿನ ಅಡಿಯ ನೀರಿಗೆ ಇಳಿಯುವುದು ವಾಸಿ ಎನಿಸಿತು.

ಆದೇಶ ಅಂಚೆಯಲ್ಲಿ ಬರುತ್ತದೆ ಎಂದರು. ಜುಬೈದಾ ಮೆಟ್ಟಿಲವರೆಗೆ ಬಂದು ನಾರಾಯಣನಿಗೆ ಹೇಳಿದಳು, “ಅಣ್ಣ, ನಿಮ್ಮ ಹೇಳಿಕೆಯಲ್ಲಿ ಒಂದು ಅಕ್ಷರವನ್ನೂ ನಾನು ಬಿಡಲಿಲ್ಲ. ಫೈಲಿನಲ್ಲಿ ಉಂಟು.” ಆ ಇಡೀ ಕಟ್ಟಡದಲ್ಲಿ ತೊಳೆದ ಹಾಗಿದ್ದದ್ದು ಅವಳೊಬ್ಬಳ ಮುಖ.

ಹತ್ತು ದಿನ ಬಿಟ್ಟು ಕಾಗದ ಬಂತು. ಇಂಗ್ಲಿಷಿನಲ್ಲಿತ್ತು. ನಾರಾಯಣನಿಗೆ ಓದಲು ಬಾರದು, ನನಗೂ ಬಾರದು. ರಾತ್ರಿ ಊಟಕ್ಕೆ ನಿತೀಶ್ ಬಂದಿದ್ದ. ಪಟ್ಟಂನಿಂದ ನಾನು ಫೋನ್ ಮಾಡಿದ ನಂತರ ಅವನು ಬಂದದ್ದು ಅಂದೇ ಮೊದಲು. ಉಳಿದವರು ಉಂಡು ಎದ್ದ ಮೇಲೆ ಬಂದು ಮೂಲೆಯಲ್ಲಿ ಕೂತ. ನಾನು ಎಲೆ ಹಾಕಲಿಲ್ಲ. ನಾರಾಯಣ ಕಾಗದವನ್ನು ಅವನ ಮುಂದೆ ಹಿಡಿದ.

“ಓದು.”

ನಿತೀಶ್ ಓದಿ ಕನ್ನಡದಲ್ಲಿ ಹೇಳುತ್ತಾ ಹೋದ. ಅಜಾಗರೂಕತೆ. ಇಂಧನ ಮುಗಿಯುವುದನ್ನು ಗಮನಿಸದೆ ಪ್ರಯಾಣಿಕರ ಜೀವಕ್ಕೆ ಅಪಾಯ ತಂದದ್ದು. ಲೈಸೆನ್ಸ್ ಒಂದು ವರ್ಷ ಅಮಾನತು. ಏಲೂರಿನ ದಾರಿಯಲ್ಲಿ ಮಳೆಗಾಲದ ವಿಶೇಷ ಪರಿಸ್ಥಿತಿಗಾಗಿ ಡೀಸೆಲನ್ನು ಮೂವತ್ತೆರಡು ಲೀಟರಿಗೆ ಏರಿಸಲಾಗಿದೆ.

“ಮೂವತ್ತೆರಡಾ?” ಎಂದೆ ನಾನು ಒಳಗಿಂದಲೇ. ಇಪ್ಪತ್ಮೂರು ಮತ್ತು ಏಳು ಮೂವತ್ತು. ಮೇಲೆ ಎರಡು. ಕೂಡಿಸಲು ನನ್ನ ನಾಲ್ಕನೆಯ ಕ್ಲಾಸು ಸಾಕು.

ನಾರಾಯಣನಿಗೆ ಅದು ಬೇಕಿರಲಿಲ್ಲ. “ಕಳವು ಅಂತ ಉಂಟಾ?”

“ಇಲ್ಲ ಅಂಕಲ್.”

“ಸರಿಯಾಗಿ ನೋಡು. ಅಡಿಯಲ್ಲಿ ಸಣ್ಣ ಅಕ್ಷರದಲ್ಲಿ ಉಂಟಾ?”

“ಇಲ್ಲ.”

“ಇನ್ನೊಮ್ಮೆ ಓದು. ಮೊದಲಿನಿಂದ.”

ನಿತೀಶ್ ಇನ್ನೊಮ್ಮೆ ಓದಿದ. ಓದಿ ಮುಗಿಸಿ, “ಅಂಕಲ್, ನಾನು…” ಎಂದು ಶುರುಮಾಡಿದ.

“ಊಟ ಮಾಡು,” ಎಂದ ನಾರಾಯಣ. ಕಾಗದವನ್ನು ಮಡಚಿ ಅಂಗಿಯ ಕಿಸೆಗೆ ಹಾಕಿ, ತಾನೇ ಎಲೆ ಹಾಕಿ, ಅನ್ನ ಹಾಕಿ, ಸಾರು ಹಾಕಿದ. ಕೆಲಸ ಕಳೆದುಕೊಂಡ ಐವತ್ತನಾಲ್ಕು ವರ್ಷದ ಮನುಷ್ಯ ಆ ರಾತ್ರಿ ಸಮಾಧಾನವಾಗಿದ್ದ. ನನ್ನಿಂದ ಆಗಲಿಲ್ಲ. ಆ ಹುಡುಗ ಕೈ ತೊಳೆದು ಹೋಗುವವರೆಗೂ ನಾನು ಅಡುಗೆಮನೆಯಿಂದ ಹೊರಗೆ ಬರಲಿಲ್ಲ. ಮರುದಿನ ಬೆಳಿಗ್ಗೆ ಅವನ ಆ ತಿಂಗಳ ಉಳಿದ ದಿನಗಳ ಊಟದ ದುಡ್ಡನ್ನು ಒಂದು ಲಕೋಟೆಯಲ್ಲಿ ಹಾಕಿ, ಇನ್ನು ಮೇಲೆ ಊಟಕ್ಕೆ ಬೇರೆ ಕಡೆ ನೋಡಿಕೊಳ್ಳಲಿ ಎಂದು ಹೇಳಿ ಕಳಿಸಿದೆ.